ತಾಯಿಗೆ ಮಧುಮೇಹ, ನನಗೆ ಖಿನ್ನತೆ: ಮೂಲ ಒಂದೇ ಜೀನ್ ಇರಬಹುದೇ?

ನಿಮ್ಮ ತಾಯಿಯವರ ಟೈಪ್ 2 ಮಧುಮೇಹಕ್ಕೂ ನಿಮ್ಮ ಖಿನ್ನತೆಗೂ ಒಂದೇ ಜೀನ್ ಕಾರಣವೇ ಎಂದು ಕೇಳಿದ್ದೀರಿ. ಒಂದೇ ಜೀನ್ ಖಂಡಿತ ಅಲ್ಲ. ಎರಡರ ಹಿಂದೆಯೂ ನೂರಾರು ಜೀನ್ ರೂಪಾಂತರಗಳಿವೆ, ಒಂದೊಂದರ ಪಾಲು ಅತ್ಯಲ್ಪ. ಮಧುಮೇಹದಲ್ಲಿ ಎದ್ದು ಕಾಣುವುದು 2006ರಲ್ಲಿ ಪತ್ತೆಯಾದ ಟಿಸಿಎಫ್7ಎಲ್2 ಎಂಬ ಜೀನ್. ಅದೂ ಅಪಾಯವನ್ನು ತುಸು ಏರಿಸುತ್ತದೆಯೇ ಹೊರತು ಕಾಯಿಲೆಯನ್ನು ಹಣೆಯಲ್ಲಿ ಬರೆದುಬಿಡುವುದಿಲ್ಲ. ಖಿನ್ನತೆಯಲ್ಲಿ ಅಷ್ಟು ಪ್ರಬಲವಾದ ಜೀನ್ ಕೂಡ ಸಿಕ್ಕಿಲ್ಲ. ಅವಳಿಗಳ ಅಧ್ಯಯನಗಳ ಪ್ರಕಾರ ಅದರಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ. 37.

ಎರಡರ ನಡುವೆ ಜೀನ್ ಮಟ್ಟದಲ್ಲಿ ನಂಟು ಇದೆ, ಆದರೆ ಗಾಢವಾದದ್ದಲ್ಲ. ಅದರ ಒಂದು ಭಾಗ ದೇಹತೂಕದ ಮೂಲಕವೇ ಸಾಗುತ್ತದೆ. ಜೀನ್ ಹೊರತಾದ ನಂಟೂ ಇದೆ: ಖಿನ್ನತೆಯ ಒತ್ತಡದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನ್ ಏರಿದರೆ ಯಕೃತ್ತು ರಕ್ತಕ್ಕೆ ಹೆಚ್ಚು ಗ್ಲೂಕೋಸ್ ಬಿಡುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತು ಕೇಳದಾಗುತ್ತವೆ. ಜೊತೆಗೆ ನಿದ್ದೆ ಕೆಟ್ಟು, ನಡಿಗೆಯೂ ನಿಂತರೆ ಹೇಳುವುದೇ ಬೇಡ. (ಮಿರ್ಟಾಜಪೀನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳೂ ತೂಕ ಹೆಚ್ಚಿಸುತ್ತವೆ; ಹಾಗೆಂದು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.)

ಇದಕ್ಕಾಗಿ ಜೀನ್ ಪರೀಕ್ಷೆಗೆ ಹಣ ಸುರಿಯುವುದು ನನ್ನ ಮಟ್ಟಿಗೆ ದಂಡ. ತಾಯಿಗೆ ಮಧುಮೇಹವಿದೆ ಎಂಬ ಮಾಹಿತಿಯೇ ಸಾಕು, ವೈದ್ಯರಿಗೆ ಅದನ್ನು ತಿಳಿಸಿ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಹಾಗೆಯೇ ತಾಯಿಯವರ ಸಕ್ಕರೆ ನೋಡುವ ವೈದ್ಯರಿಗೆ ಅವರ ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಲು ಹೇಳಿ. ಮಧುಮೇಹಿಗಳಲ್ಲಿ ಖಿನ್ನತೆ ಹೆಚ್ಚು, ಅದನ್ನು ಕೇಳುವವರು ಕಡಿಮೆ.