ಧ್ರುವದ ಸಮುದ್ರದ ಮಂಜುಗಡ್ಡೆಯೊಳಗೆ ಬ್ಯಾಕ್ಟೀರಿಯಾ ಹೇಗೆ ಬದುಕುತ್ತವೆ? ವಿಜಯಪುರದ ಕಾಲೇಜು ಲ್ಯಾಬಿನಲ್ಲಿ ಅವನ್ನು ಬೆಳೆಸಬಹುದೇ?

ನೀವು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಕೇಳಿದ್ದು ಎರಡು ಪ್ರಶ್ನೆ: ಕಲ್ಲಿನಂಥ ಮಂಜಿನಲ್ಲಿ ಜೀವ ಉಳಿಯುವುದು ಹೇಗೆ, ಮತ್ತು ಒಂದು ಫ್ರಿಜ್, ಒಂದು ಡೀಪ್ ಫ್ರೀಜರ್ ಇರುವ ಲ್ಯಾಬಿನಲ್ಲಿ ಏನು ಮಾಡಬಹುದು. ಬೆಳೆಸಬಹುದು. ಆದರೆ ಚಳಿಗಿಂತ ಮೊದಲು ಉಪ್ಪಿನ ಲೆಕ್ಕ ಅರ್ಥವಾಗಬೇಕು. ಈ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಸಾಯುವುದು ಹೆಪ್ಪುಗಟ್ಟಿದಾಗಲ್ಲ, ನಾವು ಮಂಜು ಕರಗಿಸುವಾಗ.

ಹಿಮನದಿ, ಐಸ್‌ಬರ್ಗ್‌ಗಳು ಬಿದ್ದ ಹಿಮ ಒತ್ತಿಕೊಂಡು ಆದ ಸಿಹಿನೀರಿನ ಗಡ್ಡೆಗಳು. ಸಮುದ್ರದ ಮಂಜು ಬೇರೆ; ಅದು ಕಡಲ ನೀರೇ ಮೈನಸ್ 1.8 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟಿದ್ದು. ನೀರಿನ ಹರಳು ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದಷ್ಟು ಉಪ್ಪು ಕೆಳಗಿನ ಸಮುದ್ರಕ್ಕೆ ಇಳಿದು ಹೋಗುತ್ತದೆ, ಉಳಿದದ್ದು ಹರಳುಗಳ ಸಂದಿಯಲ್ಲಿ ತೀಕ್ಷ್ಣ ಉಪ್ಪುನೀರಾಗಿ ನಿಲ್ಲುತ್ತದೆ. ಆಲೆಮನೆಯಲ್ಲಿ ನೀರು ಆವಿಯಾಗಿ ಹೋದಂತೆ ಕಬ್ಬಿನ ಹಾಲು ಪಾಕವಾಗುತ್ತದಲ್ಲ, ಹಾಗೆಯೇ ಇಲ್ಲಿ ನೀರು ಮಂಜಾಗಿ ಹೋದಂತೆ ಉಳಿದ ನೀರು ಉಪ್ಪೇರುತ್ತದೆ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಮೈನಸ್ 5 ಡಿಗ್ರಿಯಲ್ಲಿ ಈ ಸಂದಿಯ ನೀರಿನಲ್ಲಿ ಸುಮಾರು 85 ಗ್ರಾಂ, ಮೈನಸ್ 10ರಲ್ಲಿ 145ರ ಹತ್ತಿರ, ಮೈನಸ್ 20ರಲ್ಲಿ 200 ದಾಟುತ್ತದೆ. ಮೈನಸ್ 23ರ ಹತ್ತಿರ ಸೋಡಿಯಂ ಕ್ಲೋರೈಡೇ ಹರಳುಗಟ್ಟತೊಡಗುತ್ತದೆ. ಬ್ಯಾಕ್ಟೀರಿಯಾ ಇರುವುದು ಈ ಉಪ್ಪುನೀರಿನ ಸಂದಿಗಳಲ್ಲಿ. ಮಂಜು ಅವಕ್ಕೆ ಗೋಡೆ, ಅಷ್ಟೆ.

ಈ ಸಂದಿಗಳು ಒಂದಕ್ಕೊಂದು ಕೂಡಿಕೊಂಡಿವೆಯೋ ಇಲ್ಲವೋ ಎಂಬುದು ಬಹಳ ಮುಖ್ಯ. ಮಂಜಿನ ಗಾತ್ರದಲ್ಲಿ ಉಪ್ಪುನೀರಿನ ಪಾಲು ಸುಮಾರು ಶೇ. 5ಕ್ಕಿಂತ ಹೆಚ್ಚಿದ್ದರೆ ಕಾಲುವೆಗಳು ತೆರೆದಿದ್ದು ಕೆಳಗಿನ ಸಮುದ್ರದಿಂದ ನೈಟ್ರೇಟ್, ಫಾಸ್ಫೇಟ್ ಮೇಲೆ ಬರುತ್ತವೆ. ಕಿಲೋಗೆ 5 ಗ್ರಾಂ ಉಪ್ಪಿರುವ ಮಂಜಿನಲ್ಲಿ ಈ ಗಡಿ ಬೀಳುವುದು ಮೈನಸ್ 5 ಡಿಗ್ರಿಯ ಆಸುಪಾಸು. ಅದಕ್ಕಿಂತ ತಣ್ಣಗಾದರೆ ಕಾಲುವೆ ಮುಚ್ಚಿ ಬ್ಯಾಕ್ಟೀರಿಯಾ ಒಳಗೇ ಬಂದಿಯಾಗುತ್ತವೆ. ಸಮುದ್ರಕ್ಕೆ ತಾಗಿದ ಕೊನೆಯ ಕೆಲವೇ ಸೆಂಟಿಮೀಟರ್ ಮಂಜಿನಲ್ಲಿ ಜೀವ ಕಿಕ್ಕಿರಿದಿರುವುದು ಇದಕ್ಕೇ. ಮೇಲೆ ಗಾಳಿ ಮೈನಸ್ 30 ಇದ್ದರೂ ಆ ತಳದ ಉಷ್ಣತೆ ಮೈನಸ್ 1.8ರ ಹತ್ತಿರವೇ ಇರುತ್ತದೆ. ವಸಂತದಲ್ಲಿ ಡಯಾಟಮ್ ಪಾಚಿಗಳಿಂದ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಪಾಚಿ ಸ್ರವಿಸುವ ಸಕ್ಕರೆ, ಲೋಳೆಗಳೇ ಬ್ಯಾಕ್ಟೀರಿಯಾಗಳ ಊಟ.

ಬದುಕುವ ಉಪಾಯಗಳೂ ಅಷ್ಟೇ ಸ್ಪಷ್ಟ. ಚಳಿಗೆ ಜೀವಕೋಶದ ಪೊರೆ ತುಪ್ಪದ ಹಾಗೆ ಗಟ್ಟಿಯಾಗದಿರಲು ಎಣ್ಣೆಯಂತೆ ಚಳಿಯಲ್ಲೂ ಮೆದುವಾಗಿರುವ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಹೆಚ್ಚು ಸೇರಿಸಿಕೊಳ್ಳುತ್ತವೆ. ಹೊರಗಿನ ಉಪ್ಪಿಗೆ ಸರಿದೂಗಲು ಒಳಗೆ ಗ್ಲೈಸಿನ್ ಬೀಟೈನ್‌ನಂಥ ಸಣ್ಣ ಅಣುಗಳನ್ನು ತುಂಬಿಕೊಳ್ಳುತ್ತವೆ. ಸುತ್ತ ಪಾಲಿಸ್ಯಾಕರೈಡ್ ಲೋಳೆ ಹೊದ್ದುಕೊಳ್ಳುತ್ತವೆ. ಕೆಲವು, ಮಂಜಿನ ಹರಳಿಗೆ ಅಂಟಿ ಅದರ ಬೆಳವಣಿಗೆ ತಡೆಯುವ ಪ್ರೋಟೀನನ್ನೂ ಹೊರಬಿಡುತ್ತವೆ. ಅಲಾಸ್ಕಾದ ಪಾಯಿಂಟ್ ಬ್ಯಾರೊ ಹತ್ತಿರದ ಸಮುದ್ರದ ಮಂಜಿನಿಂದ ಬೇರ್ಪಡಿಸಿದ ಸೈಕ್ರೋಮೊನಾಸ್ ಇಂಗ್ರಹಾಮಿ ಎಂಬ ಬ್ಯಾಕ್ಟೀರಿಯಾ ಮೈನಸ್ 12 ಡಿಗ್ರಿಯಲ್ಲಿ 240 ಗಂಟೆಗೊಮ್ಮೆ ಇಬ್ಭಾಗವಾಗುತ್ತದೆ. 20 ನಿಮಿಷಕ್ಕೆ ದುಪ್ಪಟ್ಟಾಗುವ ಇ. ಕೋಲಿ ನೋಡಿ ರೂಢಿಯಾದವರು ಇಲ್ಲಿ ತಾಳ್ಮೆ ಕಲಿಯಲೇಬೇಕು.

ಈಗ ಕರಗಿಸುವ ವಿಷಯ. ತಳದ ಮಂಜಿನ ಒಟ್ಟು ಉಪ್ಪು ಕಿಲೋಗೆ 5 ಗ್ರಾಂ ಎಂದಿಟ್ಟುಕೊಳ್ಳಿ. ಅದನ್ನು ಹಾಗೇ ಬೀಕರಿನಲ್ಲಿ ಕರಗಲು ಬಿಟ್ಟರೆ, ಸಂದಿಯಲ್ಲಿ ಬಹಳ ಹೆಚ್ಚು ಉಪ್ಪಿಗೆ ಒಗ್ಗಿದ್ದ ಕೋಶ ಒಮ್ಮೆಲೇ 5 ಗ್ರಾಂ ಉಪ್ಪಿನ ನೀರಿಗೆ ಬೀಳುತ್ತದೆ. ನೀರು ಒಳನುಗ್ಗಿ ಕೋಶ ಒಡೆಯುತ್ತದೆ. ಹಾಗಾಗದಿರಲು ಮಂಜಿಗೆ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ತಣ್ಣನೆಯ ಉಪ್ಪುನೀರು ಸೇರಿಸಿ ಕರಗಿಸಬೇಕು. ಲೆಕ್ಕ ಸುಲಭ: 1 ಕಿಲೋ ಮಂಜಿಗೆ, ಕಿಲೋಗೆ 120 ಗ್ರಾಂ ಉಪ್ಪಿರುವ ದ್ರಾವಣ ಸುಮಾರು 350 ಗ್ರಾಂ ಹಾಕಿದರೆ ಕೊನೆಗೆ 35ಕ್ಕೆ ಬಂದು ನಿಲ್ಲುತ್ತದೆ. ಕತ್ತಲಲ್ಲಿ, 4 ಡಿಗ್ರಿ ಮೀರದಂತೆ ಕರಗಿಸಿ, ಆಗಾಗ ಮೆಲ್ಲಗೆ ಅಲುಗಾಡಿಸಿ. ದ್ರಾವಣ ಸೇರಿ 1 ಕಿಲೋ 1.35 ಆಗಿರುವುದರಿಂದ, ಬ್ಯಾಕ್ಟೀರಿಯಾ ಎಣಿಸುವಾಗ ಸಂಖ್ಯೆಯನ್ನು 1.35ರಿಂದ ಗುಣಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಬಾಲ್ಟಿಕ್ ಸಮುದ್ರದ ಮಂಜಿನಲ್ಲಿ ಉಪ್ಪು ಮೊದಲೇ ತೀರ ಕಡಿಮೆ, ಆದ್ದರಿಂದ ಅಲ್ಲಿ ಬೇಗ ನೇರವಾಗಿ ಕರಗಿಸುವುದೇ ವಾಸಿ.

ನಿಜವಾದ ಧ್ರುವದ ಮಂಜು ನಿಮಗೆ ಸಿಗುವುದು ಕಷ್ಟ. ಈ ವಿಷಯಕ್ಕೆ ನಮ್ಮ ಭಾಗಕ್ಕೆ ಹತ್ತಿರದ ದೊಡ್ಡ ಸಂಸ್ಥೆ ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಬೆಳಗಾವಿಯಿಂದ ಲೋಂಡಾ ಮೇಲೆ ರೈಲಿದೆ. ಗೈಡ್ ಮೂಲಕ ಪತ್ರ ಬರೆಯಿರಿ. ಅಂಟಾರ್ಕ್ಟಿಕಾದ ಮೈತ್ರಿ ನೆಲೆಯ ಸುತ್ತಲಿನ ಸರೋವರಗಳ ಬ್ಯಾಕ್ಟೀರಿಯಾ ಸಿಹಿನೀರಿನವು, ಅವನ್ನು ಸಮುದ್ರದ ಮಂಜಿನವು ಎಂದು ಪ್ರಾಜೆಕ್ಟಿನಲ್ಲಿ ಬರೆಯಬೇಡಿ. ಇಲ್ಲವೇ ಕಲ್ಚರ್ ಕಲೆಕ್ಷನ್‌ನಿಂದ (ಬ್ಯಾಕ್ಟೀರಿಯಾ ತಳಿಗಳನ್ನು ಕಾದಿಟ್ಟು ಕೊಡುವ ಸಂಸ್ಥೆಯಿಂದ) ಕೋಲ್ವೆಲಿಯಾ ಸೈಕ್ರೆರಿಥ್ರಿಯಾ 34ಎಚ್ ಎಂಬ ತಳಿ ತರಿಸಿ. ಅದು ಆರ್ಕ್ಟಿಕ್ ಸಮುದ್ರತಳದ ಕೆಸರಿನದು. ಅದರ ಕುಲದವು ಮಂಜಿನಲ್ಲೂ ಇವೆ, ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. 2005ರಲ್ಲೇ ಅದರ ಜೀನೋಮ್ ಪ್ರಕಟವಾಗಿದೆ.

ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾಕ್ಕೆ (ಪೋಷಕ ದ್ರಾವಣಕ್ಕೆ) ಮರೀನ್ ಬ್ರಾತ್ 2216 ಪುಡಿ, ಲೀಟರಿಗೆ 37.4 ಗ್ರಾಂ, ಪ್ಲೇಟಿಗಾದರೆ ಅದನ್ನು ಗಟ್ಟಿ ಮಾಡಲು ಜೊತೆಗೆ 15 ಗ್ರಾಂ ಅಗಾರ್. ಆಟೊಕ್ಲೇವ್ ಆದ ಮೇಲೆ ತಳದಲ್ಲಿ ಸ್ವಲ್ಪ ಗಸಿ ಕಂಡರೆ ಗಾಬರಿ ಬೇಡ. ಪೋರ್ ಪ್ಲೇಟ್ (ಕರಗಿದ ಅಗಾರಿನಲ್ಲಿ ಬ್ಯಾಕ್ಟೀರಿಯಾ ಬೆರೆಸುವ ವಿಧಾನ) ಮಾತ್ರ ಮಾಡಲೇಬೇಡಿ: 45 ಡಿಗ್ರಿಯ ಅಗಾರ್ ಸುರಿದ ಕ್ಷಣವೇ ಇವು ಸತ್ತುಹೋಗುತ್ತವೆ. ಏಪ್ರಿಲ್‌ನಲ್ಲಿ ನಿಮ್ಮ ಲ್ಯಾಬಿನ ಬೆಂಚೇ ಇವಕ್ಕೆ ಕಾದ ಹಂಚು. ಪ್ಲೇಟು, ಪಿಪೆಟ್ ಟಿಪ್ಪು, ಡೈಲ್ಯೂಷನ್ (ಮಾದರಿ ತೆಳುಗೊಳಿಸುವ) ನೀರು ಎಲ್ಲವನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಡಿ. ಟ್ಯೂಬುಗಳು ಐಸ್ ಮೇಲೇ ಇರಲಿ, ಉರಿಯಲ್ಲಿ ಕಾಯಿಸಿದ ಲೂಪ್ (ಬ್ಯಾಕ್ಟೀರಿಯಾ ಎತ್ತುವ ತಂತಿ) ಪೂರ್ತಿ ಆರಿದ ಮೇಲೇ ಮುಟ್ಟಿಸಿ. ಡೈಲ್ಯೂಷನ್ನಿಗೆ ಡಿಸ್ಟಿಲ್ಡ್ ವಾಟರ್ ಬಳಸಬೇಡಿ, ಅದೂ ಮೇಲೆ ಹೇಳಿದ ಉಪ್ಪಿನ ಆಘಾತವೇ. 35 ಗ್ರಾಂ ಉಪ್ಪಿನ ನೀರು ಬೇಕು. ಅಗಾರ್ ಮೇಲೆ ಸ್ಪ್ರೆಡ್ ಮಾಡಿ 4 ಡಿಗ್ರಿಯಲ್ಲಿ ಎರಡು-ಮೂರು ವಾರ ಇಡಿ. ಫ್ರಾಸ್ಟ್-ಫ್ರೀ ಫ್ರಿಜ್ ಅಗಾರನ್ನು ಒಣಗಿಸುತ್ತದೆ, ಹಾಗಾಗಿ ಪ್ಲೇಟುಗಳಿಗೆ ಪ್ಯಾರಾಫಿಲ್ಮ್ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಡಿ. ಕರೆಂಟ್ ಹೋಗುವುದು ಇದ್ದದ್ದೇ. ಫ್ರಿಜ್ಜಿನ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ತುಂಬಿ, ಜೊತೆಗೊಂದು ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಇಟ್ಟರೆ ಬಿಸಿಯೇರಿತ್ತೋ ಇಲ್ಲವೋ ಗೊತ್ತಾಗುತ್ತದೆ. ಸೊನ್ನೆಗಿಂತ ಕೆಳಗೆ ಅಗಾರ್ ಹೆಪ್ಪುಗಟ್ಟಿ ಕೆಡುವುದರಿಂದ ಅಲ್ಲಿ ಉಪ್ಪು ಹೆಚ್ಚಿಸಿದ ಬ್ರಾತ್ ಮಾತ್ರ.

ಮಂಜಿನ ರಚನೆ ಕಣ್ಣಾರೆ ನೋಡಬೇಕಾದರೆ ಥರ್ಮೋಕೋಲ್ ಡಬ್ಬಿ ಸಾಕು. ಲೀಟರಿಗೆ 35 ಗ್ರಾಂ ಉಪ್ಪು ಕರಗಿಸಿ, ಫ್ರಿಜ್ಜಿನಲ್ಲಿ ತಣಿಸಿ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಸುರಿದು, ಮುಚ್ಚಳವಿಲ್ಲದೆ ಮೈನಸ್ 18ರ ಫ್ರೀಜರಿನಲ್ಲಿಡಿ. ಪಕ್ಕ, ತಳ ಬೆಚ್ಚಗಿರುವುದರಿಂದ ಸಮುದ್ರದಲ್ಲಿ ಆಗುವಂತೆ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತದೆ. ಎರಡು-ಮೂರು ಸೆಂಟಿಮೀಟರ್ ಆದಾಗಲೇ ತೆಗೆಯಿರಿ. ತಳದವರೆಗೂ ಹೆಪ್ಪುಗಟ್ಟಿದರೆ ಉಪ್ಪು ಹೋಗಲು ಜಾಗವಿಲ್ಲದೆ ಪ್ರಯೋಗ ಕೆಡುತ್ತದೆ. ಗಡ್ಡೆಯ ಅಡಿಭಾಗವನ್ನು ಲೆನ್ಸಿನಲ್ಲಿ ನೋಡಿ: ನಯವಾಗಿರುವುದಿಲ್ಲ, ಒತ್ತೊತ್ತಾಗಿ ಜೋಡಿಸಿದ ತೆಳು ಹಲಗೆಗಳಂತೆ ಇರುತ್ತದೆ. ಆ ಹಲಗೆಗಳ ನಡುವಿನ ಸಂದಿಯೇ ಬ್ಯಾಕ್ಟೀರಿಯಾಗಳ ಮನೆ. ಒಂದು ತುಂಡು ಕರಗಿಸಿ ಉಪ್ಪು ಅಳೆದರೆ 35ಕ್ಕಿಂತ ಕಡಿಮೆ, ಡಬ್ಬಿಯಲ್ಲಿ ಉಳಿದ ನೀರಿನಲ್ಲಿ 35ಕ್ಕಿಂತ ಹೆಚ್ಚು ಬರಬೇಕು.

ಕಂಟ್ರೋಲ್ ಮರೆಯಬೇಡಿ. ಪ್ರತಿ ಸಲವೂ ಒಂದು ಪ್ಲೇಟ್ 4 ಡಿಗ್ರಿಯಲ್ಲಿ, ಇನ್ನೊಂದು 30ರಲ್ಲಿ ಇಡಿ. ಫ್ರಿಜ್ಜಿನಲ್ಲೇ ಕೆಟ್ಟ ಹಾಲಿನ ಸ್ಯೂಡೊಮೊನಾಸ್ ಸಾಮಾನ್ಯವಾಗಿ ಎರಡರಲ್ಲೂ ಬೆಳೆಯುತ್ತದೆ, ಅದು ಚಳಿ ತಡೆದುಕೊಳ್ಳುವಂಥದ್ದು ಮಾತ್ರ. ಕೋಲ್ವೆಲಿಯಾ 30ರಲ್ಲಿ ಬೆಳೆಯುವುದಿಲ್ಲ. ಅಲ್ಲಿ ಕಾಲೊನಿ ಕಂಡರೆ ಬೇರೇನೋ ಸೇರಿಕೊಂಡಿದೆ, ಆ ಬ್ಯಾಚ್ ಪೂರ್ತಿ ಆಟೊಕ್ಲೇವ್ ಮಾಡಿ ಎಸೆದು ಗ್ಲಿಸರಾಲ್ ಸ್ಟಾಕಿನಿಂದ (ಗ್ಲಿಸರಾಲ್ ಬೆರೆಸಿ ಡೀಪ್ ಫ್ರೀಜರಿನಲ್ಲಿ ಕಾದಿಟ್ಟ ಮೂಲ ತಳಿಯಿಂದ) ಮತ್ತೆ ಶುರು ಮಾಡಿ.