ನಾಲಿಗೆ ಒಣಗಿಸುವ ವೈನ್ ಜೊತೆ ಏನು ತಿನ್ನಬೇಕು?

ಪ್ರಶ್ನೆ: ಉಡುಗೊರೆಯಾಗಿ ಬಂದ ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನಿನ ಬಾಟಲಿ ತೆರೆದೆವು. ಮೊದಲ ಗುಟುಕಿಗೇ ನಾಲಿಗೆ ಒಣಗಿ ದೊರಗಾಯಿತು. ವೈನ್ ಕೆಟ್ಟಿದೆಯಾ? ಇದರ ಜೊತೆ ಏನು ತಿನ್ನಬೇಕು?

ಉತ್ತರ: ದಯವಿಟ್ಟು ಚೆಲ್ಲಬೇಡಿ. ಕೆಟ್ಟ ವೈನನ್ನು ಮೂಗೇ ಹಿಡಿಯುತ್ತದೆ. ವಿನೆಗರ್ ವಾಸನೆ, ಇಲ್ಲವೇ ಒದ್ದೆ ರಟ್ಟಿನ ವಾಸನೆ ಬರುತ್ತದೆ. ನಿಮಗೆ ಸಿಕ್ಕಿದ್ದು ಒಗರು. ಅದು ಟ್ಯಾನಿನ್‌ನ ಕೆಲಸ, ಅಂದರೆ ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಒಗರಿನ ಅಂಶದ್ದು.

ಕ್ಯಾಬರ್ನೆ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆ, ಬೀಜಗಳ ಜೊತೆಗೇ ಹುದುಗಿಸುತ್ತಾರೆ. ಆಗ ಅವುಗಳ ಟ್ಯಾನಿನ್ ರಸಕ್ಕೆ ಇಳಿಯುತ್ತದೆ. ಓಕ್ ಪೀಪಾಯಿಯಲ್ಲಿ ಇಟ್ಟರೆ ಮರದ್ದೂ ಒಂದಿಷ್ಟು ಸೇರುತ್ತದೆ. ಈ ಟ್ಯಾನಿನ್ ನಮ್ಮ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಎಂಜಲಿನ ಜಾರುಗುಣ ಹೋಗುತ್ತದೆ. ಗುಟುಕು ನುಂಗಿದ ಮೇಲೆ ನಾಲಿಗೆಯನ್ನು ಮೇಲಿನ ಒಸಡಿನ ಮೇಲೆ ಆಡಿಸಿ ನೋಡಿ, ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹಾಲಿಲ್ಲದ ಕಡು ಚಹಾ ಕುಡಿದಾಗಲೂ ಹೀಗೇ ಆಗುತ್ತದೆ ಅಲ್ವಾ? ಹಾಲು ಬಿದ್ದ ಕೂಡಲೇ ಚಹಾ ಮೆತ್ತಗಾಗುತ್ತದೆ. ಟ್ಯಾನಿನ್‌ಗೆ ಹಿಡಿದುಕೊಳ್ಳಲು ಬೇರೆ ಪ್ರೋಟೀನ್ ಸಿಕ್ಕಿತು, ಅಷ್ಟೇ.

ವೈನಿಗೂ ಅದನ್ನೇ ಮಾಡಿ. ಪ್ರೋಟೀನ್, ಕೊಬ್ಬು, ಉಪ್ಪು ಮೂರೂ ಇರುವ ತಿನಿಸು ಕೊಡಿ. ಹಳೆಯ ಚೆಡ್ಡರ್ ಅಥವಾ ಪಾರ್ಮೆಸಾನ್ ಚೀಸಿನ ಒಂದು ತುಂಡು ತನ್ನಿ. ಮೊದಲು ಬರೀ ವೈನ್ ಒಂದು ಗುಟುಕು. ಆಮೇಲೆ ಚೀಸನ್ನು ನಿಧಾನವಾಗಿ ಅಗಿಯಿರಿ, ಬಾಯಲ್ಲಿ ಸ್ವಲ್ಪ ಉಳಿದಿರುವಾಗಲೇ ಇನ್ನೊಂದು ಗುಟುಕು. ಒಗರು ಹಿಂದೆ ಸರಿದು ಬ್ಲ್ಯಾಕ್‌ಕರಂಟ್ ಹಣ್ಣಿನ ರುಚಿ, ದೇವದಾರಿನಂಥ ಮರದ ಪರಿಮಳ ಮುಂದೆ ಬರುತ್ತವೆ. ಈ ವೈನ್ ನನಗೆ ಇಷ್ಟವಾಗುವುದೇ ಆ ಎರಡನೇ ಗುಟುಕಿನಲ್ಲಿ.

ಕೆಲವು ಬಾಟಲಿಗಳಲ್ಲಿ ಕ್ಯಾಪ್ಸಿಕಂನಂಥ ಹಸಿ ವಾಸನೆಯೂ ಇರುತ್ತದೆ. ಅದು ತಾಯಿತಂದೆಯಿಂದ ಬಂದ ಬಳುವಳಿ. ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ದ್ರಾಕ್ಷಿ ಸೊವಿನ್ಯೋನ್ ಬ್ಲಾಂಕ್ ಸೇರಿ ಈ ತಳಿ ಹುಟ್ಟಿತು ಎಂದು 1997ರಲ್ಲಿ ಡಿಎನ್‌ಎ ಪರೀಕ್ಷೆಯ ವರದಿ ಹೊರಬಂತು. ಆ ಹಸಿರು ವಾಸನೆ ಇಬ್ಬರಲ್ಲೂ ಇದೆ.

ಮಾಂಸ ತಿನ್ನುವವರಿಗೆ ಕೊಬ್ಬಿನಂಚು ಇರುವ ಕುರಿಮಾಂಸ ಬಹಳ ಒಳ್ಳೆಯ ಜೋಡಿ. ಕೆಂಡದ ಮೇಲೆ ಸುಟ್ಟದ್ದಾದರೆ ಇನ್ನೂ ಚೆನ್ನ. ಸಸ್ಯಾಹಾರಿಗಳು ಅಣಬೆಯನ್ನು ಬೆಣ್ಣೆಯಲ್ಲಿ ಕಂದು ಬಣ್ಣ ಬರುವ ತನಕ ಹುರಿಯಲಿ. ಉಪ್ಪು ಹಾಕಲು ಜಿಪುಣತನ ಬೇಡ. ಉಪ್ಪು ಕಡಿಮೆಯಾದರೆ ಅಣಬೆಯ ಜೊತೆ ವೈನ್ ಕಹಿ ಅನಿಸುತ್ತದೆ.

ಖಾರದ ಅಡುಗೆ ಮಾತ್ರ ಬೇಡ. ಈ ವೈನಿನಲ್ಲಿ ಸಾಮಾನ್ಯವಾಗಿ ಶೇಕಡಾ 13ರಿಂದ 15ರಷ್ಟು ಆಲ್ಕೋಹಾಲ್ ಇರುತ್ತದೆ, ಅದು ಮೆಣಸಿನ ಉರಿಯನ್ನು ಜಾಸ್ತಿ ಮಾಡುತ್ತದೆ. ಅಕ್ರೋಟಿನ ಸಿಪ್ಪೆಯಲ್ಲೂ ಟ್ಯಾನಿನ್ ಇದೆ, ಒಗರಿಗೆ ಒಗರು ಸೇರುತ್ತದೆ. ಸಿಹಿ ತಿಂದು ಕುಡಿದರೆ ವೈನ್ ಹುಳಿಹುಳಿ. ಮೀನಿನ ಜೊತೆ ಬಾಯಲ್ಲಿ ಉಳಿಯುವ ಕೆಟ್ಟ ನಾತಕ್ಕೆ ವೈನಿನಲ್ಲಿರುವ ಕಬ್ಬಿಣದ ಅಂಶ ಕಾರಣ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಕಬ್ಬಿಣ ಹೆಚ್ಚಿದ್ದಷ್ಟೂ ನಾತ ಹೆಚ್ಚು.

ಪ್ರಶ್ನೆ: ಇಂಥ ವೈನನ್ನು ಫ್ರಿಜ್‌ನಲ್ಲಿ ಇಟ್ಟು ತಣ್ಣಗೆ ಕುಡಿಯಬಹುದೇ?

ಉತ್ತರ: ತೀರಾ ತಣ್ಣಗಾದರೆ ಒಗರು ಹೆಚ್ಚುತ್ತದೆ, ಪರಿಮಳ ಮುದುಡುತ್ತದೆ. 16ರಿಂದ 18 ಡಿಗ್ರಿ ಸೆಲ್ಸಿಯಸ್ ಹದ. ಸೆಕೆಗಾಲದಲ್ಲಿ ಕುಡಿಯುವ ಮುಂಚೆ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಸಾಕು. ವೈನ್ ಹೊಸದಾಗಿದ್ದರೆ ಅಗಲ ಬಾಯಿಯ ಜಗ್ಗಿಗೆ ಸುರಿದು ಒಂದು ಗಂಟೆ ಗಾಳಿಗೆ ಬಿಡಿ.

ಪ್ರಶ್ನೆ: ಉಳಿದದ್ದು ಎಷ್ಟು ದಿನ ಇರುತ್ತದೆ?

ಉತ್ತರ: ಬಿರಡೆ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿ ನಿಲ್ಲಿಸಿಡಿ. ಮೂರು ದಿನ ಚೆನ್ನಾಗಿರುತ್ತದೆ. ಆಮೇಲೆ ಅಡುಗೆಗೆ ಬಳಸಿ.