ಸೋಮವಾರ ಬೇಡ, ರೆಕಾರ್ಡ್ ಇವತ್ತೇ ತೆಗಿ

ತಮ್ಮಾ, ನೀನು ಈ ಗ್ರೂಪಿನಲ್ಲಿ ಹಾಕಿದ ಟೈಮ್‌ಟೇಬಲ್ ಫೋಟೋ ನೋಡಿ ಸುಮ್ನೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಬೆಳಗ್ಗೆ 4ರಿಂದ ರಾತ್ರಿ 11ರವರೆಗೆ, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಕೆಳಗೆ ‘ಸೋಮವಾರದಿಂದ ಶುರು, ಫಿಸಿಕ್ಸ್ ರೆಕಾರ್ಡ್ (ಪ್ರಯೋಗದ ಪುಸ್ತಕ) ಕೊನೆಗೆ ಒಟ್ಟಿಗೆ ಬರೆಯುತ್ತೇನೆ’. ಸೆಕೆಂಡ್ ಪಿಯುನಲ್ಲಿ ನನ್ನದೂ ಥೇಟ್ ಹೀಗೇ. ಆ ವರ್ಷ ಅಂಥ ಆರು ಟೈಮ್‌ಟೇಬಲ್ ಬರೆದೆ, ಒಂದೂ ಬುಧವಾರ ದಾಟಲಿಲ್ಲ. ಬರೆದು ಗೋಡೆಗೆ ಅಂಟಿಸಿದ ಕೂಡಲೇ ಓದಿದಷ್ಟು ಸಮಾಧಾನ ಆಗುತ್ತದೆ. ಅದೇ ಅದರ ತೊಂದರೆ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ, ಮನೆಯಲ್ಲಿ ರೇಷ್ಮೆ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದಿದೆ, ಸೊಪ್ಪು ಹಾಕಬೇಕು, ಬೆಳೆ ಮುಗಿಯಲಿ, ಆಮೇಲೆ ಬರೆದರಾಯಿತು ಅಂದುಕೊಂಡೆ. ಗೂಡು ಮಾರಿ ಬಂದಾಯಿತು, ಮುಂದಿನ ಬೆಳೆಗೆ ಚಾಕಿ ಹುಳವೂ (ಎಳೆ ಹುಳ) ಬಂತು, ರೆಕಾರ್ಡ್ ತೆರೆಯಲೇ ಇಲ್ಲ. ಸಹಿಗೆ ಕೊಡುವ ಹಿಂದಿನ ರಾತ್ರಿ ಗೆಳೆಯನ ರೆಕಾರ್ಡ್ ತಂದು ಕೂತೆ. ಮೀಟರ್ ಬ್ರಿಡ್ಜ್ ಪ್ರಯೋಗ (ತಂತಿಯ ರೆಸಿಸ್ಟೆನ್ಸ್ ಅಳೆಯುವುದು) ಬರೆದು ಮುಗಿಯುವಷ್ಟರಲ್ಲಿ ಹನ್ನೊಂದಾಗಿತ್ತು. ಡಯೋಡ್ ಗ್ರಾಫ್‌ನಲ್ಲಿ ವೋಲ್ಟೇಜ್ ಬರೆಯುವ ಕಡೆ ಕರೆಂಟ್ ಬರೆದುಬಿಟ್ಟೆ. ಅಳಿಸಿ ಅಳಿಸಿ ಗ್ರಾಫ್ ಹಾಳೆ ತೂತಾಯಿತು. ಬೆಳಗಿನ ಜಾವಕ್ಕೆ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ಮೇಷ್ಟ್ರು ಹಾಳೆ ತಿರುವಿದರು. ಮೊದಲಿಂದ ಕೊನೆವರೆಗೆ ಒಂದೇ ಇಂಕು, ಎಲ್ಲಾ ಗೆಳೆಯನ ರೀಡಿಂಗ್. ಸಹಿ ಹಾಕಲಿಲ್ಲ, ಪೂರ್ತಿ ಮತ್ತೆ ಬರೆಸಿದರು. ಪ್ರಾಕ್ಟಿಕಲ್‌ಗೆ 30 ಅಂಕ ಇದೆ. ಥಿಯರಿಯ 70ಕ್ಕೆ ಅಷ್ಟು ಒದ್ದಾಡುವವರು ಈ 30ನ್ನು ಕೈಯಾರೆ ಯಾಕೆ ಕಳೆದುಕೊಳ್ಳುತ್ತೀರಿ?

ನನಗೆ ಕೆಲಸಕ್ಕೆ ಬಂದದ್ದು ಒಂದೇ, ಅರ್ಧಕ್ಕೆ ನಿಲ್ಲಿಸಿ ಏಳುವುದು. ಇಂಟಿಗ್ರೇಷನ್ ಲೆಕ್ಕ ಮಾಡುತ್ತಿದ್ದೀಯಾ? ಸಬ್‌ಸ್ಟಿಟ್ಯೂಷನ್ ಹಾಕಿ, ಮುಂದಿನ ಸ್ಟೆಪ್ ಗೊತ್ತಿರುವಾಗಲೇ ನಿಲ್ಲಿಸು. ಆ ಸ್ಟೆಪ್ಪನ್ನು ಪೆನ್ಸಿಲ್‌ನಲ್ಲಿ ಅಂಚಿಗೆ ಬರೆ. ಪುಸ್ತಕ ಮುಚ್ಚಬೇಡ, ಪೆನ್ನು ಅದರ ಮೇಲೇ ಇರಲಿ. ಬೆಳಗ್ಗೆ ಎದ್ದು ‘ಎಲ್ಲಿಂದ ಶುರು ಮಾಡಲಿ’ ಅಂತ ಯೋಚಿಸುವ ಹಾಗಿಲ್ಲ, ನೇರ ಆ ಗೆರೆಯಿಂದ ಬರೆಯುವುದೇ. ನನ್ನ ಹೊತ್ತು ಜಾಸ್ತಿ ಹೋಗುತ್ತಿದ್ದದ್ದು ಆ ಯೋಚನೆಯಲ್ಲೇ. ಹುಳದ ಮನೆಯಲ್ಲಿ ಪುಸ್ತಕ ತೆರೆದಿಡಬೇಡ, ಸುಣ್ಣದ ಪುಡಿ ಬೀಳುತ್ತದೆ. ಬಯಾಲಜಿಗೆ ಈ ಉಪಾಯ ಅಷ್ಟು ಸರಿಹೋಗಲ್ಲ. ಅಲ್ಲಿ ಚಿತ್ರ ಬಿಡಿಸಿ, ಭಾಗ ಗುರುತಿಸುವುದನ್ನು ಬಾಕಿ ಉಳಿಸಿ ಏಳು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಹೀಗೆ ಅರ್ಧಕ್ಕೆ ನಿಲ್ಲಿಸುವುದು ಬೇಡವೇ ಬೇಡ. ತಲೆಯಲ್ಲಿ ಕೊರೆಯುತ್ತಿರುತ್ತದೆ, ನಿದ್ದೆ ಬರುವುದಿಲ್ಲ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು ಪೊಮೊಡೋರೊ ಆ್ಯಪ್ ಹಾಕಿಕೋ ಅಂದಿದ್ದಾರೆ. 25 ನಿಮಿಷ ಓದು, 5 ನಿಮಿಷ ಬಿಡುವು, ಪದ್ಧತಿ ಒಳ್ಳೆಯದೇ. ಆದರೆ ಅದನ್ನು ಶುರು ಮಾಡಿದ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಓದುತ್ತಿದ್ದಾಗ ಬಳಸಿದ್ದು ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್. ಇಟಲಿಯವರ ಪೊಮೊಡೋರೊ ಅಂದರೆ ನಮ್ಮ ಕೋಲಾರದ ಮಂಡಿಗೆ ಬರುವ ಟೊಮ್ಯಾಟೊನೇ. ಫೋನಿನ ಮಾತೇ ಅಲ್ಲಿರಲಿಲ್ಲ. ಟೈಮರ್‌ಗೆ ಅಂತ ಫೋನ್ ತೆಗೆದರೆ ಆ 25 ನಿಮಿಷ ರೀಲ್ಸ್‌ಗೆ ಹೋಗುತ್ತದೆ. ಫೋನ್ ಅಮ್ಮನ ಕೈಗೆ ಕೊಡು, ಒಂದು ಅಜಂತಾ ಅಲಾರಾಂ ಗಡಿಯಾರ ಸಾಕು. 25 ಹೆಚ್ಚಾದರೆ 10 ನಿಮಿಷ ಇಟ್ಟುಕೋ. ರೆಕಾರ್ಡ್‌ಗೆ ಜೆಲ್ ಪೆನ್ನೂ ಬೇಡ, ಬೆವರು ತಾಗಿದರೆ ಹರಡುತ್ತದೆ. ರೆನಾಲ್ಡ್ಸ್ 045 ಸಾಕು.

‘ಪರೀಕ್ಷೆ-1 ಹೋದರೆ ಮುಂದಿನದು ಇದೆಯಲ್ಲ’ ಅಂತ ಬರೆದವರಿಗೂ ಒಂದು ಮಾತು. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇರುವುದು ನಿಜ. ಹುಷಾರು ತಪ್ಪಿದವರಿಗೆ, ಅಂಕ ಕಡಿಮೆ ಬಂದವರಿಗೆ ಅದು ದೊಡ್ಡ ಆಸರೆ. ಈಗಲೇ ಅದನ್ನು ನಂಬಿ ಪುಸ್ತಕ ಮುಚ್ಚಬೇಡಿ.

ಮನೆಯವರು ಸೋಮಾರಿ ಅಂದರೆ ಬೇಜಾರಾಗಬೇಡ. ನನಗೆ ಡಯೋಡ್ ಅರ್ಥವೇ ಆಗಿರಲಿಲ್ಲ, ಕೇಳಲು ನಾಚಿಕೆ, ಅದಕ್ಕೇ ರೆಕಾರ್ಡ್ ಮುಟ್ಟುತ್ತಿರಲಿಲ್ಲ. ನಿನಗೂ ಯಾವುದೋ ಒಂದು ಪ್ರಯೋಗ ಹಾಗೇ ಅಡ್ಡ ಕೂತಿರಬೇಕು. ಅದು ಯಾವುದು ಅಂತ ಇಲ್ಲೇ ಹೇಳು.

ಇವತ್ತು ಊಟಕ್ಕೆ ಮುಂಚೆ ಮೀಟರ್ ಬ್ರಿಡ್ಜ್ ಸರ್ಕ್ಯೂಟ್ ಒಂದೇ ಬಿಡಿಸು. ಎಡಗಡೆಯ ಖಾಲಿ ಪುಟದಲ್ಲಿ, ಪೆನ್ಸಿಲ್‌ನಲ್ಲಿ. ಫೋಟೋ ಹಾಕು, ತಪ್ಪಿದ್ದರೆ ರಾತ್ರಿಯೇ ನೋಡಿ ಹೇಳುತ್ತೇನೆ.